ರೌಟರ್‌ಗೆ ಆ್ಯಪ್ ಇರಲಿ, ಆದರೆ ಆ್ಯಪ್ ಒಂದೇ ದಾರಿ ಆಗಬಾರದು

ಮನೆಯ ವೈಫೈ ಪಾಸ್‌ವರ್ಡ್ ಬದಲಾಯಿಸಲು ಬಹಳ ವರ್ಷಗಳಿಂದ ಒಂದೇ ಕ್ರಮ ಇತ್ತು. ಬ್ರೌಸರ್ ತೆರೆದು ಮೇಲಿನ ಪಟ್ಟಿಯಲ್ಲಿ 192.168.1.1 ಅಂತಲೋ 192.168.0.1 ಅಂತಲೋ ಹೊಡೆಯಬೇಕು. ರೌಟರ್ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ ಹೆಸರು, ಪಾಸ್‌ವರ್ಡ್ ಹಾಕಬೇಕು. ಆಗ ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ಆ ಪುಟ ನೋಡಲು ಚೆಂದ ಇರುವುದಿಲ್ಲ, ಅರ್ಧ ಮಾತು ಅರ್ಥವಾಗುವುದಿಲ್ಲ, ಆದರೆ ಕೆಲಸ ಆಗುತ್ತದೆ.

ಈಗ ಮಾರುಕಟ್ಟೆಗೆ ಬರುತ್ತಿರುವ ಹಲವು ರೌಟರ್‌ಗಳಲ್ಲಿ, ಅದರಲ್ಲೂ ಎರಡು-ಮೂರು ಡಬ್ಬಿ ಒಟ್ಟಿಗೆ ಸಿಗುವ ಮೆಶ್ ಸೆಟ್‌ಗಳಲ್ಲಿ, ಈ ಪುಟವೇ ಇಲ್ಲ. ಅಥವಾ ಹೆಸರಿಗೆ ಮಾತ್ರ ಇದೆ. ಅಮೆಜಾನ್ 2019ರಲ್ಲಿ ಕೊಂಡುಕೊಂಡ ಈರೋ ರೌಟರ್‌ಗಳನ್ನು ಆ್ಯಪ್‌ನಿಂದಲೇ ನಡೆಸಬೇಕು. ಗೂಗಲ್ ವೈಫೈ, ನೆಸ್ಟ್ ವೈಫೈ ಕೂಡ ಹಾಗೆಯೇ. ಟಿಪಿ-ಲಿಂಕ್ ಕಂಪನಿಯ ಹಲವು ಡೆಕೊ ಸೆಟ್‌ಗಳಲ್ಲಿ ಬ್ರೌಸರ್ ಪುಟ ಇದ್ದರೂ ಅಲ್ಲಿ ಮಾಡಬಹುದಾದ ಕೆಲಸ ಬಹಳ ಕಡಿಮೆ. ಪೆಟ್ಟಿಗೆ ತೆರೆದರೆ ಒಂದು ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿ, ಆ್ಯಪ್ ಹಾಕಿಕೊಂಡು, ಅಕೌಂಟ್ ತೆರೆದು ಮುಂದೆ ಹೋಗಬೇಕು.

ಇದರಲ್ಲಿ ತಪ್ಪೇನು ಅಂತ ಅನಿಸಬಹುದು. ಎಲ್ಲವೂ ಫೋನಲ್ಲೇ ಆಗುತ್ತಿದೆ, ರೌಟರ್ ಮಾತ್ರ ಯಾಕೆ ಬೇಡ? ಅದಕ್ಕೆ ಉತ್ತರ ಬೇಕಾದರೆ ಈ ಎರಡು ದಾರಿಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಸ್ವಲ್ಪ ನೋಡಬೇಕು.

ಪುಟ ಎಲ್ಲಿಂದ ಬರುತ್ತದೆ

ರೌಟರ್ ಅಂದರೆ ಒಂದು ಪುಟ್ಟ ಕಂಪ್ಯೂಟರ್. ಬಹುಪಾಲು ರೌಟರ್‌ಗಳ ಒಳಗೆ ಲಿನಕ್ಸ್ ಓಡುತ್ತಿರುತ್ತದೆ. ಅದರ ಜೊತೆಗೇ ಒಂದು ಚಿಕ್ಕ ವೆಬ್ ಸರ್ವರ್ ಕೂಡ ಇರುತ್ತದೆ. ನೀವು 192.168.1.1 ಅಂತ ಹೊಡೆದಾಗ ಬರುವ ಪುಟ ಇಂಟರ್ನೆಟ್‌ನಿಂದ ಬಂದದ್ದಲ್ಲ, ಗೋಡೆ ಮೇಲೆ ಕೂತಿರುವ ಆ ಡಬ್ಬಿಯೇ ಕಳಿಸಿದ್ದು. 192.168 ಅಂತ ಶುರುವಾಗುವ ವಿಳಾಸಗಳನ್ನು ಮನೆ, ಆಫೀಸುಗಳ ಒಳಗಿನ ಬಳಕೆಗೆ ಅಂತಲೇ ತೊಂಬತ್ತರ ದಶಕದಲ್ಲಿ ಮೀಸಲಿಟ್ಟರು. ಹೊರಗಿನ ಇಂಟರ್ನೆಟ್‌ನಲ್ಲಿ ಅವು ಓಡಾಡುವುದಿಲ್ಲ. ಹಾಗಾಗಿ ಫೈಬರ್ ತುಂಡಾಗಿದ್ದರೂ, ಬಿಲ್ ಕಟ್ಟದೆ ಕನೆಕ್ಷನ್ ನಿಂತಿದ್ದರೂ, ರೌಟರ್ ಮಾಡಿದ ಕಂಪನಿಯೇ ಮುಚ್ಚಿಹೋಗಿದ್ದರೂ ಈ ಪುಟ ತೆರೆಯುತ್ತದೆ. ಡಬ್ಬಿಗೆ ಕರೆಂಟ್ ಇದ್ದು, ಕೈಯಲ್ಲಿ ಯಾವುದಾದರೂ ಬ್ರೌಸರ್ ಇದ್ದರೆ ಸಾಕು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ.

ಆ್ಯಪ್‌ಗಳಲ್ಲಿ ಎರಡು ಜಾತಿ. ಒಂದು ಜಾತಿಯದು ಅದೇ ವೈಫೈ ಮೂಲಕ ರೌಟರ್ ಜೊತೆ ನೇರವಾಗಿ ಮಾತಾಡುತ್ತದೆ. ಅದು ಪರವಾಗಿಲ್ಲ. ಇನ್ನೊಂದು ಜಾತಿಯದು ಕಂಪನಿಯ ಸರ್ವರ್ ಮೂಲಕ ಹೋಗುತ್ತದೆ. ನೀವು ಮನೆಯ ಹಾಲ್‌ನಲ್ಲಿ, ರೌಟರ್‌ನಿಂದ ಆರು ಅಡಿ ದೂರದಲ್ಲಿ ಕೂತು ವೈಫೈ ಹೆಸರು ಬದಲಾಯಿಸುತ್ತೀರಿ ಅಂತ ಇಟ್ಟುಕೊಳ್ಳಿ. ನೀವು ಒತ್ತಿದ ಬಟನ್ ಮೊದಲು ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್ ಬೇರೆ ದೇಶದಲ್ಲೂ ಇರಬಹುದು. ನೀವು ಯಾರು, ಈ ರೌಟರ್ ನಿಮ್ಮದೇನಾ ಅಂತ ಅಲ್ಲಿ ಪರೀಕ್ಷೆ ಆಗುತ್ತದೆ. ಆಮೇಲೆ ಅಲ್ಲಿಂದ ನಿಮ್ಮ ರೌಟರ್‌ಗೆ ಆದೇಶ ಬರುತ್ತದೆ.

ಹೀಗೆ ಸುತ್ತಿ ಬರಲು ಒಂದು ತಾಂತ್ರಿಕ ಕಾರಣ ಇದೆ. ಹೊರಗಿನಿಂದ ಯಾರೂ ಸುಮ್ನೆ ನಿಮ್ಮ ಮನೆಯ ರೌಟರ್ ಒಳಗೆ ಬರಲಾಗದು. ನಮ್ಮಲ್ಲಿ ಇಂಟರ್ನೆಟ್ ಕೊಡುವ ಎಷ್ಟೋ ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಅದು ಇನ್ನೂ ಕಷ್ಟ. ಆದ್ದರಿಂದ ರೌಟರ್ ತಾನೇ ಕಂಪನಿಯ ಸರ್ವರ್‌ಗೆ ಒಂದು ಸಂಪರ್ಕ ಮಾಡಿ, ಹಗಲು ರಾತ್ರಿ ಅದನ್ನು ತೆರೆದೇ ಇಟ್ಟುಕೊಂಡಿರುತ್ತದೆ. ನೀವು ಊರಲ್ಲಿಲ್ಲದಾಗಲೂ ಆ್ಯಪ್ ಕೆಲಸ ಮಾಡುವುದು ಇದರಿಂದಲೇ. ಆದರೆ ಈ ಸಂಪರ್ಕ ಕಡಿದರೆ, ಆ ಸರ್ವರ್ ನಿಂತರೆ, ಅಕೌಂಟ್ ಲಾಕ್ ಆದರೆ, ಆರು ಅಡಿ ದೂರದ ಡಬ್ಬಿ ನಿಮ್ಮ ಮಾತು ಕೇಳುವುದಿಲ್ಲ.

ಹೊಲದ ಪಂಪ್‌ಸೆಟ್‌ಗೆ ಈಗ ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರೆ. ಮನೆಯಿಂದಲೇ ಫೋನ್ ಮಾಡಿದರೆ ಮೋಟಾರ್ ಶುರು. ರಾತ್ರಿ ಕರೆಂಟ್ ಕೊಟ್ಟಾಗ ಕತ್ತಲಲ್ಲಿ ಹೊಲಕ್ಕೆ ಹೋಗುವುದು ತಪ್ಪಿತು. ದೊಡ್ಡ ಅನುಕೂಲ ಅದು. ಹಾಗಂತ ಪ್ಯಾನಲ್ ಬೋರ್ಡಿನ ಹಸಿರು, ಕೆಂಪು ಬಟನ್‌ಗಳನ್ನು ಯಾರೂ ಕಿತ್ತು ಹಾಕಲಿಲ್ಲ. ಸಿಮ್‌ನ ರೀಚಾರ್ಜ್ ಮುಗಿದರೂ ಬಟನ್ ಒತ್ತಿ ನೀರು ಬಿಡಬಹುದು. ಆ್ಯಪ್ ಒಂದನ್ನೇ ನಂಬಿದ ರೌಟರ್‌ನಲ್ಲಿ ಕಿತ್ತು ಹಾಕಿರುವುದು ಆ ಬಟನ್‌ಗಳನ್ನೇ.

ಕಂಪನಿಗಳು ಹೀಗೆ ಮಾಡಿದ್ದೇಕೆ

ಒಳ್ಳೆಯ ಕಾರಣಗಳೂ ಇವೆ, ಅದನ್ನು ಒಪ್ಪಬೇಕು. ಹಳೆಯ ರೌಟರ್‌ಗಳಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಬಹಳ ಜನ ಅದನ್ನು ಬದಲಾಯಿಸುತ್ತಲೇ ಇರಲಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಸಿದ್ಧ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದುಕೊಂಡೇ ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡಿತ್ತು. ಬ್ರೌಸರ್ ಪುಟ ಇದ್ದ ಮಾತ್ರಕ್ಕೆ ರೌಟರ್ ಭದ್ರ ಅನ್ನುವಂತಿಲ್ಲ. ಜೊತೆಗೆ ಹೊಸ ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ತಂತ್ರಾಂಶ, ಹಾಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಆ್ಯಪ್ ಇರುವ ರೌಟರ್‌ಗಳು ಮೊದಲ ದಿನವೇ ಬೇರೆ ಪಾಸ್‌ವರ್ಡ್ ಕೇಳುತ್ತವೆ, ಅಪ್‌ಡೇಟ್ ತಾವೇ ಹಾಕಿಕೊಳ್ಳುತ್ತವೆ. ಮೆಶ್ ಡಬ್ಬಿಗಳನ್ನು ಯಾವ ಕೋಣೆಯಲ್ಲಿ ಇಟ್ಟರೆ ಸಿಗ್ನಲ್ ಚೆನ್ನಾಗಿ ಬರುತ್ತದೆ ಅಂತ ನೋಡಲು ಫೋನ್ ಹಿಡಿದು ಓಡಾಡುವುದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಈ ಯಾವ ಲಾಭಕ್ಕೂ ಬ್ರೌಸರ್ ಪುಟ ತೆಗೆದುಹಾಕುವ ಅಗತ್ಯ ಇರಲಿಲ್ಲ. ಪ್ರತಿ ಡಬ್ಬಿಗೂ ಬೇರೆ ಬೇರೆ ಪಾಸ್‌ವರ್ಡ್ ಅಚ್ಚು ಹಾಕಿ ಕೊಟ್ಟರೆ ಮುಗಿಯಿತು. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಎಲ್ಲ ಡಬ್ಬಿಗೂ ಒಂದೇ ಸಿದ್ಧ ಪಾಸ್‌ವರ್ಡ್ ಇಡುವುದನ್ನು ಕಾನೂನೇ ನಿಷೇಧಿಸಿದೆ. ಆ ಕಾನೂನು ಪಾಲಿಸಲು ಯಾರೂ ಆ್ಯಪ್ ಕಡ್ಡಾಯ ಮಾಡಬೇಕಾಗಿಲ್ಲ. ಕಂಪನಿಗಳಿಗೆ ಅಕೌಂಟ್ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ್ಯಪ್ ಒಳಗೆ ತಿಂಗಳ ಚಂದಾ ಮಾರಬಹುದು. ಮಕ್ಕಳ ನಿಯಂತ್ರಣ, ಜಾಹೀರಾತು ತಡೆ, ಹೆಚ್ಚಿನ ಭದ್ರತೆ ಇಂಥವನ್ನು ದುಡ್ಡು ಕೊಟ್ಟವರಿಗೆ ಮಾತ್ರ ಕೊಡುವ ರೂಢಿ ಈಗ ಜಾಸ್ತಿ ಆಗಿದೆ.

ಇಂಟರ್ನೆಟ್ ಇಲ್ಲದಾಗಲೇ ರೌಟರ್ ಬೇಕಾಗುವುದು

ನೆಟ್ ಚೆನ್ನಾಗಿ ಬರುತ್ತಿದ್ದಾಗ ರೌಟರ್ ಸೆಟ್ಟಿಂಗ್ ಯಾರೂ ನೋಡುವುದಿಲ್ಲ. ನೋಡಬೇಕಾಗುವುದು ನೆಟ್ ಹೋದಾಗ, ರೌಟರ್ ರೀಸೆಟ್ ಆದಾಗ, ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಹಳೆಯದು ಸುಟ್ಟು ಹೊಸದು ತಂದಾಗ. ಸರ್ವರ್ ಮೂಲಕ ಹೋಗುವ ಆ್ಯಪ್ ಕೈಕೊಡುವುದೂ ಆಗಲೇ.

ಮಲೆನಾಡಿನ ಅಥವಾ ಕೊಡಗಿನ ಒಂದು ಒಂಟಿ ಮನೆ ಅಂದುಕೊಳ್ಳಿ. ಅಂಥ ಎಷ್ಟೋ ಕಡೆ ಮೊಬೈಲ್ ಟವರ್ ಸರಿಯಾಗಿ ಸಿಗುವುದಿಲ್ಲ. ಲಾಕ್‌ಡೌನ್ ಹೊತ್ತಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಗುಡ್ಡ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿಗೆ ಫೈಬರ್ ಬಂದಿದೆ, ಫೋನ್ ಕರೆಗಳೂ ವೈಫೈ ಕಾಲಿಂಗ್ ಮೇಲೆಯೇ ನಡೆಯುತ್ತವೆ. ಈಗ ಆ್ಯಪ್ ಮಾತ್ರ ಇರುವ ಹೊಸ ರೌಟರ್ ತಂದರೆ ಏನೇನು ಬೇಕು? ಆ್ಯಪ್ ಇಳಿಸಿಕೊಳ್ಳಲು ನೆಟ್ ಬೇಕು. ಅಕೌಂಟ್ ತೆರೆಯಲು ನೆಟ್ ಬೇಕು. ಫೋನಿಗೋ ಇಮೇಲ್‌ಗೋ ಒಟಿಪಿ ಬರಬೇಕು. ಇಷ್ಟೆಲ್ಲ ಆದ ಮೇಲೆ ರೌಟರ್ ನೆಟ್ ಕೊಡಲು ಶುರು ಮಾಡುತ್ತದೆ. ಫೋನ್ ಹಿಡಿದು ಗುಡ್ಡಕ್ಕೆ ಹೋದರೆ ಒಟಿಪಿ ಬರುತ್ತದೆ, ಆದರೆ ರೌಟರ್ ಮನೆಯಲ್ಲಿರುತ್ತದೆ. ಮನೆಗೆ ಬರುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಬ್ರೌಸರ್ ಪುಟ ಇದ್ದರೆ ಈ ಮನೆಯಲ್ಲಿ ಹತ್ತು ನಿಮಿಷದ ಕೆಲಸ ಅದು.

ನಗರದಲ್ಲೂ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ಹೊಸ ರೌಟರ್‌ನ ವೈಫೈಗೆ ಫೋನ್ ಜೋಡಿಸುತ್ತೀರಿ. ಅದರಲ್ಲಿ ಇನ್ನೂ ಇಂಟರ್ನೆಟ್ ಇಲ್ಲ ಅಂತ ಫೋನ್ ಗಮನಿಸುತ್ತದೆ, ನಿಮ್ಮನ್ನು ಕೇಳದೆ ಮೊಬೈಲ್ ಡೇಟಾಗೆ ಹಾರುತ್ತದೆ. ಆ್ಯಪ್ ಈಗ ರೌಟರ್ ಸಿಗುತ್ತಿಲ್ಲ ಅನ್ನುತ್ತದೆ. ಡೇಟಾ ಆಫ್ ಮಾಡಿದರೆ ರೌಟರ್ ಸಿಗುತ್ತದೆ, ಆದರೆ ಆ್ಯಪ್ ಲಾಗಿನ್ ಆಗುವುದಿಲ್ಲ. ಐಫೋನ್‌ನಲ್ಲಿ ಇನ್ನೊಂದು ಗೇಟು ಇದೆ. 2020ರಿಂದ ಈಚೆಗೆ ಪ್ರತಿ ಆ್ಯಪ್ ಮನೆಯೊಳಗಿನ ನೆಟ್‌ವರ್ಕ್ ನೋಡಲು ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡ ಅಂತ ಒತ್ತಿದರೆ, ರೌಟರ್ ಕಣ್ಣೆದುರಿಗಿದ್ದರೂ ಆ್ಯಪ್‌ಗೆ ಕಾಣುವುದಿಲ್ಲ. ಬ್ರೌಸರ್‌ನಲ್ಲಾದರೆ ಮೊಬೈಲ್ ಡೇಟಾ ಆಫ್ ಮಾಡಿದರೆ ಸಾಕು. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿದರೆ ಆ ರಗಳೆಯೂ ಇಲ್ಲ.

ನಡೆದುಹೋದ ಸಂಗತಿಗಳು

2012ರ ಜೂನ್ ತಿಂಗಳು. ಆಗ ಲಿಂಕ್‌ಸಿಸ್ ಬ್ರಾಂಡ್ ಸಿಸ್ಕೋ ಕಂಪನಿಯ ಕೈಯಲ್ಲಿತ್ತು. ಅದರ ಇಎ2700, ಇಎ3500, ಇಎ4500 ಎಂಬ ಮನೆ ರೌಟರ್‌ಗಳಿಗೆ ತಾನಾಗಿ ಒಂದು ಅಪ್‌ಡೇಟ್ ಬಂತು. ಮರುದಿನ ಜನ ಎಂದಿನಂತೆ ಬ್ರೌಸರ್‌ನಲ್ಲಿ ತಮ್ಮ ರೌಟರ್ ಪುಟ ತೆರೆಯಲು ಹೋದರೆ ಹಳೆಯ ಪುಟ ಇಲ್ಲ. ಅದರ ಜಾಗದಲ್ಲಿ ಸಿಸ್ಕೋ ಕನೆಕ್ಟ್ ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಸರ್ವರ್ ಮೇಲಿನ ಸೇವೆಯಲ್ಲಿ, ಅಕೌಂಟ್ ತೆರೆಯಿರಿ ಅನ್ನುವ ಆಹ್ವಾನ. ದುಡ್ಡು ಕೊಟ್ಟು ಕೊಂಡು, ಆಗಲೇ ಬಳಸುತ್ತಿದ್ದ ಡಬ್ಬಿ ಅದು. ಷರತ್ತುಗಳನ್ನು ಓದಿದವರಿಗೆ ಇನ್ನೂ ಗಾಬರಿ ಆಯಿತು. ಬಳಕೆದಾರರ ಇಂಟರ್ನೆಟ್ ಬಳಕೆಯ ವಿವರ ಸಂಗ್ರಹಿಸಬಹುದು ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಗಲಾಟೆ ಜೋರಾದ ಮೇಲೆ ಸಿಸ್ಕೋ ಕ್ಷಮೆ ಕೇಳಿತು, ಷರತ್ತು ತಿದ್ದಿತು, ಹಳೆಯ ತಂತ್ರಾಂಶಕ್ಕೆ ಮರಳುವ ದಾರಿ ಕೊಟ್ಟಿತು. ಮುಂದಿನ ವರ್ಷ ಲಿಂಕ್‌ಸಿಸ್ ಅನ್ನು ಬೆಲ್ಕಿನ್ ಕಂಪನಿಗೆ ಮಾರಿತು. ಆವತ್ತು ಜನ ಅಷ್ಟು ಸಿಟ್ಟಾಗಿದ್ದು ಯಾಕೆ ಅಂದರೆ ಹಳೆಯ ಪುಟ ಹೇಗಿತ್ತು ಅಂತ ಅವರಿಗೆ ಗೊತ್ತಿತ್ತು. ಇವತ್ತು ಮೊದಲ ಸಲ ರೌಟರ್ ಕೊಳ್ಳುವವರಿಗೆ ಅಂಥ ಒಂದು ಪುಟ ಇರುತ್ತಿತ್ತು ಅನ್ನುವುದೇ ಗೊತ್ತಿರುವುದಿಲ್ಲ.

ಗೂಗಲ್‌ನ ಆನ್‌ಹಬ್ ರೌಟರ್ ಕಥೆ ಇನ್ನೂ ಉದ್ದ. 2015ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಂತು. ತಯಾರಿಸಿದವರು ಟಿಪಿ-ಲಿಂಕ್, ಆಮೇಲೆ ಏಸಸ್ ಕೂಡ ಒಂದು ಮಾದರಿ ಮಾಡಿತು. ಬೆಲೆ ಸುಮಾರು 200 ಡಾಲರ್. ಆಗಿನ ಕಾಲಕ್ಕೆ ದುಬಾರಿಯೇ. ಅದನ್ನು ನಡೆಸಲು ಗೂಗಲ್ ಆನ್ ಎಂಬ ಆ್ಯಪ್, ಅದಕ್ಕೆ ಗೂಗಲ್ ಅಕೌಂಟ್. 2017ರ ಫೆಬ್ರುವರಿಯಲ್ಲಿ ಗೂಗಲ್‌ನ ಅಕೌಂಟ್ ವ್ಯವಸ್ಥೆಯಲ್ಲಿ ಒಂದು ತೊಂದರೆ ಆಯಿತು. ಅದರ ಹೊಡೆತಕ್ಕೆ ಹಲವರ ಮನೆಯ ಆನ್‌ಹಬ್, ಗೂಗಲ್ ವೈಫೈ ರೌಟರ್‌ಗಳು ಅಂಗಡಿಯಿಂದ ಬಂದ ಸ್ಥಿತಿಗೆ ರೀಸೆಟ್ ಆದವು. ಆ ಮನೆಗಳಲ್ಲಿ ಯಾರೂ ಏನೂ ಮಾಡಿರಲಿಲ್ಲ. ಎಲ್ಲೋ ದೂರದಲ್ಲಿ ಲಾಗಿನ್ ವ್ಯವಸ್ಥೆ ತಪ್ಪಿದ್ದಕ್ಕೆ ಇಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಯಿತು. ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು.

ಅಷ್ಟರಲ್ಲಿ ಆ್ಯಪ್ ಹೆಸರು ಗೂಗಲ್ ವೈಫೈ ಅಂತ ಬದಲಾಗಿತ್ತು. 2021ರಲ್ಲಿ ಅದನ್ನೂ ನಿಲ್ಲಿಸಿ ಎಲ್ಲರೂ ಗೂಗಲ್ ಹೋಮ್ ಆ್ಯಪ್‌ಗೆ ಬನ್ನಿ ಅಂದರು. ಅದೇ ವರ್ಷದ ಕೊನೆಗೆ, ಇನ್ನೊಂದು ವರ್ಷದಲ್ಲಿ ಆನ್‌ಹಬ್‌ಗೆ ಬೆಂಬಲ ಮುಗಿಯುತ್ತದೆ ಅಂತಲೂ ಘೋಷಿಸಿದರು. ಬೆಂಬಲ ಮುಗಿಯುವುದು ಅಂದರೆ ಏನು? ಬೇರೆ ರೌಟರ್‌ಗಳಲ್ಲಾದರೆ ಹೊಸ ಅಪ್‌ಡೇಟ್ ಬರುವುದು ನಿಲ್ಲುತ್ತದೆ, ಅಷ್ಟೇ. ಇಲ್ಲಿ ಆ್ಯಪ್‌ನಿಂದ ರೌಟರ್ ನಿಭಾಯಿಸುವುದೇ ನಿಂತಿತು. ವೈಫೈ ಸಿಗ್ನಲ್ ಬರುತ್ತಿರುತ್ತದೆ, ಆದರೆ ಅದರ ಸೆಟ್ಟಿಂಗ್ ಬದಲಾಯಿಸಲು ಆಗುವುದಿಲ್ಲ. ಯಂತ್ರ ಕೆಟ್ಟಿಲ್ಲ, ರೇಡಿಯೋ ಚಿಪ್ ಸರಿ ಇದೆ, ಪೋರ್ಟ್ ಸರಿ ಇದೆ. ಅದರೊಳಗೆ ಹೋಗುವ ದಾರಿ ಮುಚ್ಚಿದೆ. ಬ್ರೌಸರ್ ಪುಟ ಒಂದು ಇದ್ದಿದ್ದರೆ, ಭದ್ರತೆಯ ಅಪ್‌ಡೇಟ್ ಇಲ್ಲದಿದ್ದರೂ, ಕೊಂಡವರ ಕೈಯಲ್ಲಿ ಹಿಡಿತ ಉಳಿಯುತ್ತಿತ್ತು. ಒಳ್ಳೆಯ ಯಂತ್ರ ಹೀಗೆ ಕಸದ ರಾಶಿ ಸೇರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಕೌಂಟ್ ಇದ್ದ ಮೇಲೆ ಅದನ್ನು ಕದಿಯುವವರೂ ಇರುತ್ತಾರೆ. 2020ರ ಮಾರ್ಚ್‌ನಲ್ಲಿ, ಕೊರೊನಾ ಶುರುವಿನ ದಿನಗಳಲ್ಲಿ, ಕಳ್ಳರು ಬೇರೆ ಕಡೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಲಿಂಕ್‌ಸಿಸ್‌ನ ಕ್ಲೌಡ್ ಅಕೌಂಟ್‌ಗಳ ಮೇಲೆ ಹಾಕಿ ನೋಡಿದರು. ಹಲವು ತೆರೆದುಕೊಂಡವು. ರೌಟರ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ನಂಬರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸೆಟ್ಟಿಂಗ್ ತಿರುಚಿ, ಮಾಮೂಲಿ ವೆಬ್‌ಸೈಟ್ ತೆರೆದವರಿಗೆ ಕೊರೊನಾ ಮಾಹಿತಿಯ ಆ್ಯಪ್ ಅಂತ ಮಾಲ್‌ವೇರ್ ತೋರಿಸಿದರು. ಏಪ್ರಿಲ್‌ನಲ್ಲಿ ಕಂಪನಿ ಆ ಕ್ಲೌಡ್ ಅಕೌಂಟ್‌ಗಳ ಪಾಸ್‌ವರ್ಡ್‌ಗಳನ್ನು ರೀಸೆಟ್ ಮಾಡಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ನೆಟ್‌ವರ್ಕ್ ಸಾಧನ ಮಾಡುವ ಯುಬಿಕ್ವಿಟಿ ಕಂಪನಿಯ ಕ್ಲೌಡ್‌ನಲ್ಲಿ ಆದದ್ದು ಕಳ್ಳತನವೂ ಅಲ್ಲ. ಅವರದೇ ಒಂದು ತಪ್ಪಿನಿಂದ ಕೆಲವರ ಅಕೌಂಟ್‌ಗಳಲ್ಲಿ ಬೇರೆಯವರ ಸಾಧನಗಳು ಕಾಣಿಸಿಕೊಂಡವು. ಕೆಲವರ ಫೋನಿಗೆ ಯಾರದೋ ಮನೆಯ ಕ್ಯಾಮೆರಾ ಚಿತ್ರ ಬಂತು. ಮನೆಯೊಳಗಿಂದ ಮಾತ್ರ ತೆರೆಯುವ ಪುಟದಲ್ಲಿ ಇಂಥ ಅದಲುಬದಲು ಆಗಲು ಸಾಧ್ಯವೇ ಇಲ್ಲ.

ಫೋನ್ ಯಾರದು?

ಮಗ ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುತ್ತಾನೆ, ಅಪ್ಪ-ಅಮ್ಮನಿಗೆ ಅಂತ ಮೆಶ್ ರೌಟರ್ ತಂದು ತನ್ನ ಫೋನಿನಲ್ಲಿ ಜೋಡಿಸಿ ಹೋಗುತ್ತಾನೆ. ಅದರ ಒಡೆತನ ಈಗ ಅವನ ಅಕೌಂಟ್‌ನಲ್ಲಿದೆ. ಊರಿಂದ ಕರೆ ಬಂದರೆ ಅಲ್ಲಿಂದಲೇ ಸರಿ ಮಾಡಬಹುದು, ಅದು ನಿಜ. ಆದರೆ ಲೈನೇ ಹೋಗಿದ್ದರೆ ಅವನಿಗೂ ಏನೂ ಕಾಣುವುದಿಲ್ಲ. ಕೇಬಲ್‌ನವರು ಮನೆಗೆ ಬಂದರೆ ಅವರು ಸೆಟ್ಟಿಂಗ್ ನೋಡಲು ಯಾವ ದಾರಿಯೂ ಇಲ್ಲ, ಯಾಕೆಂದರೆ ಡಬ್ಬಿ ಅಡಿಯ ಚೀಟಿಯಲ್ಲಿ ಪಾಸ್‌ವರ್ಡ್ ಇಲ್ಲ. "ಸಾರ್, ನಿಮ್ಮ ಮಗನ ಫೋನ್ ಬೇಕು" ಅಂತ ಹೇಳಿ ಹೋಗುತ್ತಾರೆ. ಫೋನ್ ಕಳೆದು, ಹಳೆಯ ನಂಬರ್ ಬಿಟ್ಟು, ಲಾಗಿನ್ ಮರೆತರೆ ರೌಟರ್ ರೀಸೆಟ್ ಮಾಡುವುದೇ ಗತಿ. ರೀಸೆಟ್ ಮಾಡಿದರೆ ಕನೆಕ್ಷನ್‌ನ ಪಿಪಿಪಿಒಇ (ಇಂಟರ್ನೆಟ್ ಕಂಪನಿಯ ಲೈನ್‌ಗೆ ರೌಟರ್ ಲಾಗಿನ್ ಆಗುವ ವಿಧಾನ) ಹೆಸರು, ಪಾಸ್‌ವರ್ಡ್ ಕೂಡ ಅಳಿಸುತ್ತದೆ. ಅದನ್ನು ಮತ್ತೆ ಕೇಬಲ್‌ನವರ ಹತ್ತಿರವೇ ಕೇಳಬೇಕು.

ಫೋನ್‌ಗೂ ವಯಸ್ಸಾಗುತ್ತದೆ. ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್ ಆವೃತ್ತಿಗಳನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತವೆ. ರೌಟರ್ ಬದಲಾಯಿಸಬೇಕಿಲ್ಲ, ಆದರೆ ಅದನ್ನು ನಡೆಸಲು ಫೋನ್ ಬದಲಾಯಿಸಬೇಕು ಅನ್ನುವ ಸ್ಥಿತಿ ಬರಬಹುದು. ಆ್ಯಪ್ ಸ್ಟೋರ್‌ನಿಂದಲೇ ಮಾಯವಾಗಬಹುದು ಕೂಡ. ಭಾರತ ಸರ್ಕಾರ 2020ರ ಜೂನ್‌ನಲ್ಲಿ 59 ಆ್ಯಪ್‌ಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಆ ನಿರ್ಧಾರ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ರಾತ್ರಿ ಇದ್ದ ಆ್ಯಪ್ ಬೆಳಿಗ್ಗೆ ಇಲ್ಲದಿರಬಹುದು ಅಂತ ನಮಗೆ ಆವತ್ತೇ ಗೊತ್ತಾಯಿತು.

ರೌಟರ್ ಆ್ಯಪ್ ಲೊಕೇಶನ್ ಯಾಕೆ ಕೇಳುತ್ತದೆ ಅಂತ ಬಹಳ ಜನ ಅನುಮಾನ ಪಡುತ್ತಾರೆ. ಇದರಲ್ಲಿ ಕಂಪನಿಯನ್ನಷ್ಟೇ ದೂರುವಂತಿಲ್ಲ. ಸುತ್ತಲಿನ ವೈಫೈ ಹೆಸರುಗಳನ್ನು ನೋಡಿ ನೀವು ಎಲ್ಲಿದ್ದೀರಿ ಅಂತ ಊಹಿಸಬಹುದು. ಅದಕ್ಕೇ 2015ರ ಆಂಡ್ರಾಯ್ಡ್ 6ರಿಂದ ವೈಫೈ ಹುಡುಕುವ ಆ್ಯಪ್‌ಗಳು ಲೊಕೇಶನ್ ಅನುಮತಿ ಕೇಳಲೇಬೇಕಾಯಿತು. 2022ರ ಆಂಡ್ರಾಯ್ಡ್ 13ರಲ್ಲಿ ಹತ್ತಿರದ ವೈಫೈ ಸಾಧನಗಳಿಗೆ ಅಂತ ಬೇರೆ ಅನುಮತಿ ಬಂದಿದೆ. ಹಾಗಾಗಿ ಜೋಡಿಸುವಾಗ ಅನುಮತಿ ಕೊಡಿ, ಕೆಲಸ ಮುಗಿದ ಮೇಲೆ ತೆಗೆದುಹಾಕಿ. ಬ್ರೌಸರ್ ಪುಟವಾದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಆ್ಯಪ್‌ನಲ್ಲಿ ಸಿಗದ ಸೆಟ್ಟಿಂಗ್‌ಗಳು. ಒಂದೇ ಉದಾಹರಣೆ ಸಾಕು. ಅಗ್ಗದ ಸ್ಮಾರ್ಟ್ ಪ್ಲಗ್, ಸಿಸಿ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ (ವೈಫೈ ಬಳಸುವ ರೇಡಿಯೋ ತರಂಗದ ಪಟ್ಟಿಗಳಲ್ಲಿ ಒಂದು) ವೈಫೈ ಮಾತ್ರ ಹಿಡಿಯುತ್ತವೆ. ಮೆಶ್ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತದೆ. ಫೋನ್ 5ರಲ್ಲಿ ಕೂತಿರುತ್ತದೆ, ಕ್ಯಾಮೆರಾ 2.4ರಲ್ಲಿ ಹುಡುಕುತ್ತಿರುತ್ತದೆ, ಕೆಲವು ಕ್ಯಾಮೆರಾಗಳು ಆಗ ಜೋಡಣೆಯೇ ಆಗುವುದಿಲ್ಲ. ಬ್ರೌಸರ್ ಪುಟ ಇರುವ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಬೇರೆ ಹೆಸರು ಇಡಬಹುದು. ಕೆಲವು ಆ್ಯಪ್‌ಗಳಲ್ಲೂ ಇದಕ್ಕೊಂದು ದಾರಿ ಇದೆ, ಕೆಲವುಗಳಲ್ಲಿ ಇಲ್ಲವೇ ಇಲ್ಲ. ಇಡೀ ಸೆಟ್ಟಿಂಗ್ ಅನ್ನು ಒಂದು ಫೈಲ್ ಆಗಿ ಉಳಿಸಿಟ್ಟು ಬೇಕಾದಾಗ ಮತ್ತೆ ಹಾಕುವ ಅನುಕೂಲವೂ ಬ್ರೌಸರ್ ಪುಟದಲ್ಲಿ ಸಾಮಾನ್ಯ, ಆ್ಯಪ್‌ನಲ್ಲಿ ಅಪರೂಪ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಕಂಪನಿಯ ಸೈಟ್‌ನಲ್ಲಿ ಆ ಮಾದರಿಯ ಕೈಪಿಡಿ ಸಿಗುತ್ತದೆ. ಅದರಲ್ಲಿ ಬ್ರೌಸರ್‌ನಿಂದ ಲಾಗಿನ್ ಆಗುವ ವಿಧಾನ ಚಿತ್ರ ಸಮೇತ ಇದೆಯಾ ನೋಡಿ. ಪುಟ ಇದೆ ಅಂದಷ್ಟಕ್ಕೆ ನಂಬಬೇಡಿ. ವೈಫೈ ಪಾಸ್‌ವರ್ಡ್ ಬದಲಾಯಿಸುವುದು, ಪಿಪಿಪಿಒಇ ಹಾಕುವುದು, ಡಿಎನ್‌ಎಸ್ ಬದಲಾಯಿಸುವುದು, ಈ ಮೂರೂ ಅಲ್ಲಿ ಆಗಬೇಕು.

ಇಂಟರ್ನೆಟ್ ಕಂಪನಿಯೇ ಕೊಟ್ಟ ಡಬ್ಬಿ ಮನೆಯಲ್ಲಿದ್ದರೆ ಅದನ್ನು ಸುಮ್ನೆ ಮೂಲೆಗೆ ಹಾಕಬೇಡಿ. ನಮ್ಮಲ್ಲಿ ಇಂಥ ಹೆಚ್ಚಿನ ಡಬ್ಬಿಗಳಿಗೆ ಬ್ರೌಸರ್ ಪುಟ ಈಗಲೂ ಇದೆ. ಜಿಯೋ ಫೈಬರ್‌ನಲ್ಲಿ ಅದರ ವಿಳಾಸ 192.168.29.1. ಕನೆಕ್ಷನ್‌ನ ಹೆಸರು, ಪಾಸ್‌ವರ್ಡ್ ಆ ಡಬ್ಬಿಯಲ್ಲೇ ಇರಲಿ, ರೌಟರ್ ಕೆಲಸವನ್ನು ಅದೇ ಮಾಡಲಿ. ಮೆಶ್ ಸೆಟ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಕೆಲವು ಆ್ಯಪ್‌ಗಳು ಬ್ರಿಡ್ಜ್ ಅನ್ನುತ್ತವೆ, ಬರೀ ವೈಫೈ ಹರಡಲು ಬಳಸಿ. ನಾಳೆ ಆ ಆ್ಯಪ್ ಕೈಕೊಟ್ಟರೂ ಮನೆಯ ಇಂಟರ್ನೆಟ್ ನಿಲ್ಲುವುದಿಲ್ಲ.

ಆ್ಯಪ್ ರೌಟರ್ ಆಗಲೇ ಕೊಂಡಿದ್ದರೆ ಮನೆಯ ಇನ್ನೊಬ್ಬರ ಫೋನನ್ನೂ ಅದಕ್ಕೆ ಸೇರಿಸಿ, ಅಕೌಂಟ್‌ಗೆ ಎರಡು ಹಂತದ ಲಾಗಿನ್ ಹಾಕಿ, ಪಿಪಿಪಿಒಇ ವಿವರ ಕಾಗದದಲ್ಲಿ ಬರೆದು ಡಬ್ಬಿಗೇ ಅಂಟಿಸಿ. ಹೊಸದಾಗಿ ತಂದಿದ್ದರೆ ಜೋಡಿಸಿದ ದಿನವೇ ಒಂದು ಪರೀಕ್ಷೆ ಮಾಡಿ. ರೌಟರ್‌ನ ಇಂಟರ್ನೆಟ್ ಪೋರ್ಟ್‌ಗೆ ಬರುವ ಕೇಬಲ್ ಬಿಚ್ಚಿ. ಫೈಬರ್ ತಂತಿ ಮುಟ್ಟಬೇಡಿ, ಅದು ಬಾಗಿದರೆ ಬೇರೆ ತಲೆನೋವು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆದು ವೈಫೈ ಪಾಸ್‌ವರ್ಡ್ ಬದಲಾಯಿಸಿ ನೋಡಿ. ಬದಲಾದರೆ ಆ ಆ್ಯಪ್ ರೌಟರ್ ಜೊತೆ ನೇರವಾಗಿ ಮಾತಾಡುತ್ತಿದೆ, ಧೈರ್ಯವಾಗಿ ಇಟ್ಟುಕೊಳ್ಳಬಹುದು. ಬದಲಾಗದಿದ್ದರೆ, ಬ್ರೌಸರ್ ಪುಟವೂ ಇಲ್ಲದಿದ್ದರೆ, ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ ತೆಗೆದು ನೋಡಿ.